ನೀಲಿ ದಾರಿಗೆ ಕರೆದವಳು ನಾನು

ವಸಂತಿ ಅಕ್ಕ, ಆ ದಿನ ಬೆಟ್ಟದ ಮೇಲೆ ನೀಲಿ ದಾರಿ ಬೇಕೆಂದು ಹಠ ಮಾಡಿದವರು ನೀವಲ್ಲ. ನೀವು ಬೇಡ ಎಂದಿರಿ. ಕರೆದುಕೊಂಡು ಹೋದವಳು ನಾನು. ಆಮೇಲೆ, ನಿಮಗೆ ಏನೂ ನೆನಪಿಲ್ಲ ಎಂದು ಗೊತ್ತಾದಾಗ, ಹಠ ಮಾಡಿದ್ದು ನೀವೇ ಎಂದು ನಿಮಗೇ ಹೇಳಿದವಳೂ ನಾನು.

ಎರಡು ವರ್ಷದಿಂದ ಈ ನಾಲ್ಕು ಸಾಲು ಹೇಳಲು ಆಗಿಲ್ಲ. ಹೇಳಬೇಕೆಂದು ಎಷ್ಟು ಸಲ ಫೋನ್ ಎತ್ತಿಕೊಂಡಿದ್ದೇನೋ — ನೀವು 'ಎಂತ ಮಾರಾಯ್ತಿ, ಊಟ ಆಯ್ತಾ' ಎಂದ ಕೂಡಲೇ ಮಾತು ಬೇರೆ ಕಡೆ ಹೋಗುತ್ತಿತ್ತು. ಹೋಗುತ್ತಿತ್ತು ಎನ್ನುವುದೂ ಸುಳ್ಳು. ನಾನೇ ಕಳಿಸುತ್ತಿದ್ದೆ.

ಮೈಸೂರಿನಿಂದ ಮೆಲ್ಬರ್ನಿಗೆ ಬಂದ ಮೊದಲ ವರ್ಷ ನನಗೆ ಡ್ಯಾಂಡಿನಾಂಗ್ ಬಡಾವಣೆಯಲ್ಲಿ ಪರಿಚಯವಾದ ಮೊದಲ ಮನೆ ನಿಮ್ಮದು. ಎರಡು ಡಿಗ್ರಿ ಇಟ್ಟುಕೊಂಡು ಬಸ್ಸಿಗೆ ಕಾಯುತ್ತಾ ನಿಂತಿದ್ದವಳನ್ನು ನೋಡಿ, ಈ ಊರಲ್ಲಿ ಕಾರು ಬಾರದಿದ್ದರೆ ಹೆಂಗಸಿಗೆ ಕಾಲೇ ಇಲ್ಲದ ಹಾಗೆ ಎಂದು ನೀವು ಹೇಳಿದಿರಿ. ಮುಂದಿನ ಭಾನುವಾರ ನಿಮ್ಮ ಬಿಳಿ ಕಾರಿನ ಸ್ಟಿಯರಿಂಗ್ ಹಿಂದೆ ನನ್ನನ್ನು ಕೂರಿಸಿ, ನೀವು ಎಡಗಡೆ ಸೀಟಿನಲ್ಲಿ ಕುಳಿತಿರಿ. ನಿಮ್ಮ ಕೈಯಲ್ಲಿ ಕಲಿತವರು ಎಷ್ಟು ಜನವೋ, ಲೆಕ್ಕ ನಿಮಗೂ ಇಲ್ಲ. ಹೊಸದಾಗಿ ಬಂದ ಯಾವ ಹುಡುಗಿಯಾದರೂ, ಮಂಗಳೂರಿನವಳಾಗಲಿ ಬೆಂಗಳೂರಿನವಳಾಗಲಿ, ನಿಮ್ಮ ಮನೆಗೆ ಬರುತ್ತಿದ್ದಳು. ನೀವು ಒಮ್ಮೆಯೂ ಕಿರುಚಿದವರಲ್ಲ. ಮೊದಲ ಸಲ ಫ್ರೀವೇ ಹತ್ತುವಾಗ ನಾನು ಆಕ್ಸಿಲರೇಟರಿನಿಂದ ಕಾಲು ತೆಗೆದುಬಿಟ್ಟೆ. ಆಗ ನೀವು ಅಂದ ಮಾತು — ಅದನ್ನೇ ನಾನು ಆಮೇಲೆ ಬಳಸಿದ್ದು, ಅದಕ್ಕೇ ಬರೆಯಬೇಕಾಗಿದೆ — 'ಹೆದರಿಕೊಂಡು ಕೂತ್ರೆ ಯಾವ ರಸ್ತೆಗೂ ಹತ್ಲಿಕ್ಕೆ ಆಗೂದಿಲ್ಲ. ನಾನಿದ್ದೇನಲ್ಲ, ಒತ್ತು.'

ಕೆಲಸ ಸಿಕ್ಕಿ ಸಿಡ್ನಿಗೆ ಹೋದೆ. ಟೂಂಗಾಬಿಯಲ್ಲಿ ಮನೆ. ಆಫೀಸಿನವರ ಜೊತೆ ಬೆಟ್ಟದ ಸೈಕಲ್ ಹತ್ತಿದವಳು ಅದರ ಹುಚ್ಚಿಗೆ ಬಿದ್ದೆ. ವಾರವಿಡೀ ಮೀಟಿಂಗು, ಶನಿವಾರ ಮಣ್ಣು. ಜೀವನದಲ್ಲಿ ಮೊದಲ ಬಾರಿಗೆ ಒಂದು ವಿಷಯ ನನಗೆ ಬೇರೆಯವರಿಗಿಂತ ಚೆನ್ನಾಗಿ ಬರುತ್ತಿತ್ತು. ಅದನ್ನು ನಿಮಗೆ ತೋರಿಸಬೇಕೆಂಬ ಆಸೆಯೂ ಇತ್ತು ಅನ್ನಿಸುತ್ತದೆ. ಬೇಸಿಗೆಯ ಕೊನೆಯ ವಾರಾಂತ್ಯಕ್ಕೆ ವಿಕ್ಟೋರಿಯಾದ ಬೆಟ್ಟಕ್ಕೆ ಎಲ್ಲರೂ ಹೋಗೋಣ ಎಂದು ನಮ್ಮ ಕನ್ನಡದವರ ವಾಟ್ಸಾಪ್ ಗ್ರೂಪಿನಲ್ಲಿ ಹಾಕಿದವಳು ನಾನೇ. ರೂಮು, ಸೈಕಲ್, ಹೆಲ್ಮೆಟ್ಟು ಎಲ್ಲ ಬುಕ್ ಮಾಡಿದವಳೂ ನಾನೇ.

ಚಳಿಗಾಲದಲ್ಲಿ ಹಿಮದ ಮೇಲೆ ಜಾರುವವರನ್ನು ಮೇಲಕ್ಕೆ ಹೊರುವ, ತಂತಿಗೆ ತೂಗುವ ಕುರ್ಚಿಗಳೇ ಬೇಸಿಗೆಯಲ್ಲಿ ಸೈಕಲ್‌ಗಳನ್ನು ಹೊರುತ್ತವೆ. ಮೇಲೆ ಇಳಿದರೆ ಮೂರು ಬಗೆಯ ದಾರಿ. ಹಸಿರು ಹೊಸಬರಿಗೆ: ಅಗಲ, ನಯವಾದ ತಿರುವು. ನೀಲಿ ಅಭ್ಯಾಸ ಇರುವವರಿಗೆ: ಬೇರು, ಕಲ್ಲುಚಪ್ಪಡಿ, ಕಡಿದಾದ ಇಳಿಜಾರು. ಕಪ್ಪು ಪಳಗಿದವರಿಗೆ. ನಾನು ಎಲ್ಲರನ್ನೂ ನಿಲ್ಲಿಸಿ ಇದನ್ನು ವಿವರಿಸಿದೆ, ಟೀಚರ್ ಥರ. ನಮ್ಮವರ ಗುಂಪು ಎಲ್ಲಿಗೆ ಹೋದರೂ ಒಂದು ಮಾತು ಇದ್ದೇ ಇರುತ್ತದಲ್ಲ, ಯಾರನ್ನೂ ಒಬ್ಬರನ್ನೇ ಬಿಡಬಾರದು ಎಂದು; ಅದಕ್ಕೆ ನಾನು ಕೊನೆಯವಳಾಗಿ ಇರುತ್ತೇನೆ, ಎಲ್ಲರಿಗಿಂತ ನಿಧಾನವಾಗಿ ಬರುವವರ ಹಿಂದೆ, ಎಂದು ಒಪ್ಪಿಕೊಂಡೆ. ಎಲ್ಲರಿಗಿಂತ ನಿಧಾನ ನೀವು. ಉಡುಪಿಯಲ್ಲಿ ಕಾಲೇಜಿಗೆ ಹೋಗುವಾಗ ಹೊಡೆದ ಸೈಕಲ್, ಆಮೇಲೆ ಮುಟ್ಟಿರಲಿಲ್ಲ.

ಬೆಳಿಗ್ಗೆ ಒಂದು ಸಲ ಹಸಿರಿನಲ್ಲಿ ಇಳಿದೆವು. ಚೆನ್ನಾಗಿಯೇ ಇಳಿದಿರಿ. ನಾನು ನಿಮ್ಮ ಹಿಂದೆ ಬ್ರೇಕ್ ಹಿಡಿದುಕೊಂಡೇ ಬಂದೆ. ನಿಮಗೆ ಗೊತ್ತಾಗಿರಲಿಕ್ಕಿಲ್ಲ: ನನಗೆ ಬೇಜಾರಾಗಿತ್ತು. ಇಡೀ ವರ್ಷ ಕಾದ ಬೆಟ್ಟ, ಆಫೀಸಿನವರು ಬಾಯಿ ತುಂಬ ಹೊಗಳಿದ ನೀಲಿ ದಾರಿ, ನಾನು ಮಾತ್ರ ಮಕ್ಕಳ ದಾರಿಯಲ್ಲಿ. ಎರಡನೆಯ ಸಲ ಮೇಲೆ ಹೋದಾಗ ನಿಮ್ಮ ಮಗಳು ಶ್ರೇಯಾ, ಅವಳ ಗೆಳತಿಯರು ನೀಲಿಯಲ್ಲಿ ಆಗಲೇ ಮುಂದೆ ಹೋಗಿದ್ದರು. ನಿಮ್ಮ ಯಜಮಾನರು ದಿವಾಕರಣ್ಣ ಕೆಳಗೆ ಕಾಫಿ ಹಿಡಿದು ಕುಳಿತಿದ್ದರು. ಕವಲಿನಲ್ಲಿ ನಿಂತದ್ದು ನಾವಿಬ್ಬರೇ.

ಆಗ ನೀವು ಏನಂದಿರಿ ಎಂದು ನಾನು ಅಕ್ಷರ ಬಿಡದೆ ಹೇಳಬಲ್ಲೆ. ನಿಮ್ಮ ತಲೆಯಿಂದ ಹೋದ ಆ ಮಾತು ನನ್ನ ತಲೆಯಲ್ಲಿ ಹಾಗೇ ಕೂತಿದೆ.

'ನಂಗೆ ಹಸಿರೇ ಸಾಕು ಮಾರಾಯ್ತಿ. ಆ ಕಲ್ಲು ನೋಡಿದ್ರೆ ನಂಗೆ ಬರೂದಿಲ್ಲ ಅಂತ ಗೊತ್ತಾಗ್ತದೆ. ನೀನು ಹೋಗು, ಎಷ್ಟು ಆಸೆಯಲ್ಲಿ ಬಂದಿದ್ದೀ. ನಾನು ಮೆಲ್ಲ ಇಳೀತೇನೆ.'

ನೀವು ನನ್ನ ಆಸೆಯನ್ನು ಕಂಡಿದ್ದಿರಿ. ಹೋಗು ಎಂದೂ ಹೇಳಿದ್ದಿರಿ. ನಾನು ಹೋಗಬಹುದಿತ್ತು. ಆದರೆ ಕೊನೆಯವಳಾಗಿ ಇರುತ್ತೇನೆ ಎಂದು ಎಲ್ಲರೆದುರು ಹೇಳಿಕೊಂಡಿದ್ದೆ. ನಿಮ್ಮನ್ನು ಒಬ್ಬರನ್ನೇ ಬಿಟ್ಟರೆ ಕೆಳಗೆ ನನ್ನನ್ನು ಏನೆಂದುಕೊಳ್ಳುತ್ತಾರೋ. ನಿಮ್ಮ ಜೊತೆ ಹಸಿರಿನಲ್ಲೂ ಇಳಿಯಬಹುದಿತ್ತು. ಇನ್ನೊಂದು ಇಪ್ಪತ್ತು ನಿಮಿಷ, ಅಷ್ಟೇ. ನನಗೆ ಒಳ್ಳೆಯ ಹೆಸರೂ ಬೇಕಿತ್ತು, ನೀಲಿಯೂ ಬೇಕಿತ್ತು.

'ಅಕ್ಕ, ಎರಡೂ ಒಂದೇ, ಬಣ್ಣ ಮಾತ್ರ ಬೇರೆ' ಎಂದೆ. ಒಂದೇ ಅಲ್ಲ ಎಂದು ನನಗೆ ಗೊತ್ತಿತ್ತು. ನೀವು ತಲೆ ಅಲ್ಲಾಡಿಸಿದಿರಿ. ಆಗ ನಾನು ನಗುತ್ತಾ ಅಂದೆ: 'ಹೆದರಿಕೊಂಡು ಕೂತ್ರೆ ಯಾವ ರಸ್ತೆಗೂ ಹತ್ತೋಕಾಗಲ್ಲ ಅಂತ ನಮಗೆಲ್ಲ ಹೇಳ್ತೀರ. ಅದು ಬರೀ ನಮಗಾ? ನಾನಿದ್ದೀನಲ್ಲ, ನಡೀರಿ.'

'ನನ್ನ ಮಾತು ನಂಗೇ ತಿರುಗಿಸ್ತೀಯಾ' ಎಂದು ನಕ್ಕು, ಹೆಲ್ಮೆಟ್ಟಿನ ಪಟ್ಟಿ ಬಿಗಿ ಮಾಡಿಕೊಂಡು, ಮುಂದಿನ ಚಕ್ರವನ್ನು ನೀಲಿ ದಾರಿಗೆ ತಿರುಗಿಸಿದಿರಿ.

ಮೊದಲೆರಡು ತಿರುವು ದಾಟಿದಿರಿ. ಮೂರನೆಯದರ ಆಚೆ ಉದ್ದದ ಕಲ್ಲುಚಪ್ಪಡಿ, ಎಡಕ್ಕೆ ಸ್ನೋ ಗಮ್ ಮರಗಳು, ಮರಗಳಾಚೆ ಏನೂ ಇಲ್ಲ, ಬರೀ ಕಣಿವೆ. ಸೈಕಲ್ ವೇಗ ಹಿಡಿಯಿತು. ನಿಮ್ಮ ಭುಜಗಳು ಗಟ್ಟಿಯಾದದ್ದು ಹಿಂದಿನಿಂದ ಕಂಡಿತು. ನಾನು 'ಬ್ರೇಕ್, ಅಕ್ಕ, ಬ್ರೇಕ್' ಎಂದು ಕೂಗಿದೆ. ಹಿಂದಿನ ಬ್ರೇಕ್ ಎಂದು ಹೇಳಲಿಲ್ಲ. ಮುಂದಿನದನ್ನು ಒಮ್ಮೆಗೇ ಹಿಡಿದರೆ ಏನಾಗುತ್ತದೆ ಎಂದು ಬೆಳಿಗ್ಗೆ ವಿವರಿಸಿಯೂ ಇರಲಿಲ್ಲ. ಹಸಿರಿನಲ್ಲಿ ಅದರ ಅಗತ್ಯ ಬೀಳುವುದಿಲ್ಲ. ನಾನು ಹೇಳಿದ್ದನ್ನೇ ನೀವು ಮಾಡಿದಿರಿ, ಮುಂದಿನ ಬ್ರೇಕ್ ಒಮ್ಮೆಗೇ ಹಿಡಿದಿರಿ. ಹಿಂದಿನ ಚಕ್ರ ಮೇಲೆದ್ದಿತು. ಆಮೇಲೆ ನೀವು ಸೈಕಲ್ಲಿನ ಮುಂದೆ ಇದ್ದಿರಿ, ಗಾಳಿಯಲ್ಲಿ, ಕೈ ಚಾಚಿಕೊಂಡು —

ಸೈಕಲ್ ಮರಗಳ ನಡುವೆ ನುಗ್ಗಿ ಕೆಳಗೆ ಹೋಯಿತು. ಅದು ಬೀಳುವ ಸದ್ದು ನಿಲ್ಲುತ್ತದೆ ಅಂದುಕೊಂಡಾಗಲೆಲ್ಲ ಮತ್ತೆ ಕೇಳಿಸುತ್ತಿತ್ತು. ಇವತ್ತಿಗೂ ಪಾತ್ರೆ ಬಿದ್ದರೆ ನಾನು ಆ ಚಪ್ಪಡಿಯ ಮೇಲಿರುತ್ತೇನೆ. ನೀವು ಅಂಚಿನಿಂದ ಒಂದು ತೋಳಿನಷ್ಟು ಈಚೆಗೆ, ಒಂದು ಬೊಡ್ಡೆಗೆ ತಾಗಿ ಬಿದ್ದಿದ್ದಿರಿ. ಕಣ್ಣು ಮುಚ್ಚಿತ್ತು. ನಾನು ಹತ್ತಿರ ಬರಲಿಲ್ಲ, ಅಕ್ಕ. ಒಂದು ಕ್ಷಣ, ಬಹುಶಃ ಅದಕ್ಕಿಂತ ಹೆಚ್ಚು, ನಿಂತಲ್ಲೇ ನಿಂತಿದ್ದೆ. ಆಮೇಲೆ ಓಡಿ ಬಂದೆ, ಸಹಾಯಕ್ಕೆ ಫೋನ್ ಮಾಡಿದೆ.

ಕಣ್ಣು ಬಿಟ್ಟು ನೀವು ಮೊದಲು ಕೇಳಿದ್ದು, 'ಇದು ಎಲ್ಲಿ?' ಹೇಳಿದೆ. 'ನಾನು ಇಲ್ಲಿಗೆ ಯಾಕೆ ಬಂದೆ? ನಾನೇ ಹೇಳಿದ್ದಾ?'

ಹೌದು ಅಕ್ಕ, ಎಂದೆ. ಬಾಯಿಂದ ತಾನಾಗಿ ಬಂತು ಎಂದು ಬಹಳ ದಿನ ನಂಬಿಕೊಂಡಿದ್ದೆ. ಮೊದಲ ಸಲ ಹಾಗೆಯೇ ಇರಬಹುದು. ಆದರೆ ತಲೆಗೆ ಪೆಟ್ಟು ಬಿದ್ದ ನಿಮಗೆ ಏನೂ ಉಳಿಯುತ್ತಿರಲಿಲ್ಲ. ಎರಡು ನಿಮಿಷ ಸುಮ್ಮನಿದ್ದು ಮತ್ತೆ ಅದೇ ಕೇಳುತ್ತಿದ್ದಿರಿ, ಅದೇ ದನಿಯಲ್ಲಿ, ಹೊಸದಾಗಿ. ಐದು ಸಲವೋ ಆರು ಸಲವೋ. ಪ್ರತಿ ಸಲವೂ ನಾನು ಹಿಂದೆ ಹೇಳಿದ್ದು ಅಳಿಸಿಹೋಗಿರುತ್ತಿತ್ತು. ಆಗಲಾದರೂ ನಿಜ ಹೇಳಿದ್ದರೆ, ಮೊದಲು ನಾನು ಸುಳ್ಳು ಹೇಳಿದ್ದೆ ಎಂದು ಯಾರಿಗೂ ತಿಳಿಯುತ್ತಿರಲಿಲ್ಲ. ಪ್ರತಿ ಸಲವೂ ಹೌದು ಎಂದೆ. ಕೊನೆಯ ಸಲ, ನಾನು ಬೇಡ ಅಂದೆ, ನೀವು ಕೇಳಲಿಲ್ಲ, ಎಂದು ಸೇರಿಸಿದೆ. ಆಗ ಬೆಟ್ಟದ ದಾರಿಗಳ ಉಸ್ತುವಾರಿಯ ಹೆಂಗಸು ಸ್ಟ್ರೆಚರ್ ತಂದು ಪಕ್ಕದಲ್ಲಿ ಮಂಡಿಯೂರಿದ್ದಳು. ಈ ದಾರಿ ಆರಿಸಿದ್ದು ಯಾರು ಎಂದು ಕೇಳಿದಳು. ಅವಳಿಗೂ ಇಂಗ್ಲಿಷಿನಲ್ಲಿ ಅದನ್ನೇ ಹೇಳಿದೆ. ಅವಳು ಬರೆದುಕೊಂಡಳು. ಕೆಳಗೆ ಸಹಿ ಹಾಕಿದೆ.

ಮುರಿದ ಕಾಲರ್ ಬೋನ್ ಎರಡು ತಿಂಗಳಲ್ಲಿ ಕೂಡಿಕೊಂಡಿತು. ಅರ್ಧ ದಿನದ ನೆನಪು ಬರಲೇ ಇಲ್ಲ. ಅದರ ಜಾಗದಲ್ಲಿ ನಾನು ಇಟ್ಟದ್ದೇ ಕೂತುಬಿಟ್ಟಿತು. ಆಸ್ಪತ್ರೆಯ ಹಾಸಿಗೆಯಿಂದಲೇ ನೀವು ನನ್ನ ಕೈ ಹಿಡಿದು, ನನ್ನಿಂದ ನಿನಗೆ ತೊಂದರೆಯಾಯ್ತು ಎಂದಿರಿ. ಶ್ರೇಯಾ ಗದರಿದಳು: 'ಅಮ್ಮ, ಯು ನೆವರ್ ಲಿಸನ್.' ನಾನು ಹಣ್ಣು ಹೆಚ್ಚುತ್ತಾ ಕೂತಿದ್ದೆ.

ಇಷ್ಟಕ್ಕೇ ಮುಗಿದಿದ್ದರೆ ಬಹುಶಃ ಸಾಯುವ ತನಕ ಸುಮ್ಮನಿರುತ್ತಿದ್ದೆ. ನನ್ನ ಬಗ್ಗೆ ನನಗೆ ಗೊತ್ತಿರುವುದು ಇಷ್ಟು.

ಹೋದ ತಿಂಗಳು ನಿಮ್ಮ ಮನೆಗೆ ಊಟಕ್ಕೆ ಬಂದಿದ್ದೆ. ಊರಿಂದ ಹೊಸದಾಗಿ ಬಂದ ಒಬ್ಬ ಹುಡುಗಿ, ಆಂಟಿ ನನಗೂ ಡ್ರೈವಿಂಗ್ ಕಲಿಸ್ತೀರಾ ಎಂದು ಕೇಳಿದಳು. ನೀವು ಕಲಿಸುವುದನ್ನು ನಿಲ್ಲಿಸಿ ಎರಡು ವರ್ಷವಾಯಿತೆಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ತಿಳಿದುಕೊಳ್ಳಲೂ ಹೋಗಿರಲಿಲ್ಲ. ದಿವಾಕರಣ್ಣ ಸಾರು ಬಡಿಸಿಕೊಳ್ಳುತ್ತಾ, 'ನಮ್ಮ ಮೇಡಮ್ಮಿಗೆ ಹಸಿರು ತೋರಿಸಿದ್ರೆ ನೀಲಿಗೆ ಹೋಗ್ತಾರೆ, ಜಾಗ್ರತೆ' ಎಂದರು. ಎಲ್ಲರೂ ನಕ್ಕರು. ನೀವೂ ನಕ್ಕಿರಿ. ನಾನೂ. ಆಮೇಲೆ ನೀವು ಆ ಹುಡುಗಿಗೆ ಮೆಲ್ಲಗೆ ಹೇಳಿದಿರಿ:

'ಬೇಡ ಮಗಾ. ಲೈಸೆನ್ಸ್ ಮುಂದಿನ ತಿಂಗಳು ಮುಗೀತದೆ, ನಾನು ರಿನ್ಯೂ ಮಾಡಿಸೂದಿಲ್ಲ. ನನ್ನ ಬುದ್ಧಿ ಯಾವಾಗ ಕೈ ಕೊಡ್ತದೆ ಅಂತ ನಂಗೇ ಗೊತ್ತಿಲ್ಲ. ಪಕ್ಕದಲ್ಲಿ ನಿನ್ನಂಥ ಮಕ್ಕಳನ್ನು ಕೂರಿಸಿಕೊಂಡು...'

ಮಾತು ಪೂರ್ತಿ ಮಾಡದೆ ಮಜ್ಜಿಗೆ ತರಲು ಒಳಗೆ ಹೋದಿರಿ.

ನಿಮ್ಮ ಬುದ್ಧಿ ಕೈ ಕೊಟ್ಟಿರಲಿಲ್ಲ, ಅಕ್ಕ. ಕಲ್ಲನ್ನು ನೋಡಿದಿರಿ, ನನಗೆ ಬರುವುದಿಲ್ಲ ಎಂದಿರಿ, ಸರಿಯಾದ ದಾರಿ ಆರಿಸಿದಿರಿ. ನಿಮ್ಮದು ತಪ್ಪು ಎನ್ನುವುದಾದರೆ ನನ್ನನ್ನು ನಂಬಿದ್ದು ಒಂದೇ. ಎರಡು ವರ್ಷ ನೀವು ಹೆದರಿಕೊಂಡು ಬದುಕಿದ್ದು ಇಲ್ಲದ ಒಬ್ಬ ವಸಂತಿಗೆ, ಚಪ್ಪಡಿಯ ಮೇಲೆ ಮಂಡಿಯೂರಿ ನಾನು ಕಟ್ಟಿದವಳಿಗೆ.

ಮೊನ್ನೆ ಶ್ರೇಯಾಳಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಪೂರ್ತಿ ಕೇಳಿ, 'ಟೆಲ್ ಹರ್. ನಾಟ್ ಮಿ' ಎಂದು ಫೋನ್ ಇಟ್ಟಳು. ಅವಳು ಹೇಳಿದ್ದು ಸರಿ. ಮೊದಲು ಮಗಳಿಗೆ ಹೇಳಿದ್ದರಲ್ಲೂ ನನ್ನ ಹೇಡಿತನವೇ ಇತ್ತು. ಬೆಟ್ಟದ ಕಚೇರಿಗೂ ಬರೆದಿದ್ದೇನೆ, ನಾನು ಸಹಿ ಮಾಡಿದ ಹೇಳಿಕೆ ಸುಳ್ಳು ಎಂದು. ಅವರು ಅದನ್ನು ಏನು ಮಾಡುತ್ತಾರೋ ತಿಳಿಯದು.

ಕ್ಷಮಿಸಿ ಎಂದು ಕೇಳುವುದಿಲ್ಲ. ಕೇಳಿದರೆ ನೀವು ಕ್ಷಮಿಸಿಬಿಡುತ್ತೀರಿ, ಅದು ನನಗೆ ಗೊತ್ತು, ಅದಕ್ಕೇ ಕೇಳುವ ಹಕ್ಕು ನನಗಿಲ್ಲ. ಲೈಸೆನ್ಸಿನ ಮಾತು ನಿಮಗೆ ಬಿಟ್ಟದ್ದು. ಆದರೆ ಬೇಡ ಎನ್ನುವುದಾದರೆ ನಿಮ್ಮದೇ ಕಾರಣಕ್ಕೆ ಬೇಡ ಎನ್ನಿ, ನನ್ನ ಸುಳ್ಳಿನ ಕಾರಣಕ್ಕಲ್ಲ.

ಈ ಕಾಗದ ಗುರುವಾರದೊಳಗೆ ನಿಮ್ಮ ಕೈ ಸೇರುತ್ತದೆ. ಒಬ್ಬರೇ ಇರುವಾಗ ಓದಿ. ಶನಿವಾರ ಬೆಳಗಿನ ವಿಮಾನಕ್ಕೆ ಬರುತ್ತೇನೆ. ಅಂದು ನಗುತ್ತಾ ಊಟ ಮಾಡಿದ ಅದೇ ಮೇಜಿನ ಮುಂದೆ, ದಿವಾಕರಣ್ಣನಿಗೂ ಶ್ರೇಯಾಳಿಗೂ ಕೇಳುವ ಹಾಗೆ, ನೀವು ಬೇಡ ಎಂದಿದ್ದಿರಿ ಎಂದು ನನ್ನ ಬಾಯಿಂದಲೇ ಹೇಳುತ್ತೇನೆ. ಬಾಗಿಲು ತೆರೆಯದಿದ್ದರೆ ಹೊರಗೆ ನಿಂತೇ ಹೇಳಿ ಹೋಗುತ್ತೇನೆ. ತೆರೆದರೆ, ದಯವಿಟ್ಟು, ನನಗೆಂದು ತಿಂಡಿ ಮಾಡಿಡಬೇಡಿ.