ಸದ್ದು ಮಾಡದ ಗಾಡಿ

ನನ್ನ ಕಿವಿಯ ಬಗ್ಗೆ ನನಗೆ ಬಲು ಜಂಬವಿತ್ತು. ಹೇಳಿಕೊಳ್ಳಲು ಈಗ ನಾಚಿಕೆಯಾಗುತ್ತದೆ. ಆದರೆ ಮುಂದೆ ಹೇಳಬೇಕಾದ ನಾಚಿಕೆ ಇದಕ್ಕಿಂತ ದೊಡ್ಡದು, ಆದ್ದರಿಂದ ಚಿಕ್ಕದರಿಂದಲೇ ಶುರು ಮಾಡುತ್ತೇನೆ. ಪುಣೆಯ ಒಂದು ಹಳೆಯ ಮೋಟಾರು ಕಾರ್ಖಾನೆಯಲ್ಲಿ ಎಂಜಿನ್ನುಗಳ ಸದ್ದು ಕೇಳುವುದೇ ನನ್ನ ಕೆಲಸವಾಗಿತ್ತು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಊರಿ, ಹಿಡಿಕೆಯನ್ನು ಕಿವಿಗೆ ಒತ್ತಿಕೊಂಡು, ಕಣ್ಣು ಮುಚ್ಚಿ ಒಂದು ನಿಮಿಷ ನಿಂತರೆ ಸಾಕು, ಯಾವ ವಾಲ್ವು ಸಡಿಲಾಗಿದೆ, ಯಾವ ಬೇರಿಂಗು ಸವೆದಿದೆ ಎಂದು ಹೇಳಿಬಿಡುತ್ತಿದ್ದೆ. ಕಣ್ಣು ಮುಚ್ಚುವ ಅಗತ್ಯವೇನೂ ಇರಲಿಲ್ಲ. ಸುತ್ತ ನಿಂತವರಿಗಾಗಿ ಮುಚ್ಚುತ್ತಿದ್ದೆ. ಕೆಲಸಗಾರರು ನನ್ನನ್ನು ‘ಡಾಕ್ಟರ್ ಸಾಹೇಬ’ ಎಂದು ಕರೆಯುತ್ತಿದ್ದರು. ಧಾರವಾಡದಲ್ಲಿ ಮೆಡಿಕಲ್ ಸೀಟು ಸಿಗದೆ ಎಂಜಿನಿಯರಿಂಗಿಗೆ ಹೋದವನಿಗೆ ಅದು ಎಂಥ ಸುಖ ಕೊಡುತ್ತಿತ್ತೆಂದು ನೀವೇ ಊಹಿಸಿಕೊಳ್ಳಿ.

ಮನೆಯಲ್ಲಿ ಮಾತ್ರ ಈ ಕಿವಿಗೆ ಮರ್ಯಾದೆ ಇರಲಿಲ್ಲ. “ಬಾಜೂ ಮನಿ ಸ್ಕೂಟರಿನ ಪ್ಲಗ್ ಹೊಲಸಾಗಿದ್ದು ನಿಮಗ ಕೇಳಸ್ತದ. ನಮ್ಮ ಕುಕ್ಕರ್ ಆರು ಸಲ ಕೂಗಿದ್ದು ಕೇಳಸಂಗಿಲ್ಲ. ಎಂಥಾ ಕಿವಿರೀ ನಿಮ್ಮವು?” ಎನ್ನುತ್ತಿದ್ದಳು ನನ್ನ ಹೆಂಡತಿ.

ನಾದವೇ ಬ್ರಹ್ಮ ಎಂದರು ನಮ್ಮ ಹಿರಿಯರು. ಹಾಗೆ ಹೇಳುವಾಗ ಅವರ ಮನಸ್ಸಿನಲ್ಲಿ ತಂಬೂರಿ ಇತ್ತೋ ಮಂತ್ರಘೋಷವಿತ್ತೋ ಗೊತ್ತಿಲ್ಲ. ನಾನಂತೂ ನಾಲ್ಕು ಸಿಲಿಂಡರಿನ ಡೀಸೆಲ್ ಎಂಜಿನ್ ಎಂದೇ ಅರ್ಥ ಮಾಡಿಕೊಂಡಿದ್ದೆ. ಸದ್ದು ಮಾಡುವುದು ಬದುಕಿದೆ, ಮಾಡದ್ದು ಸತ್ತಿದೆ. ಮಿಕ್ಸರು, ನೀರಿನ ಪಂಪು, ಗಣಪತಿಯ ಮುಂದಿನ ಢೋಲು, ಎಲ್ಲಕ್ಕೂ ಇದೇ ಸಿದ್ಧಾಂತ. ಇಷ್ಟು ಸರಳವಾದ ಸಿದ್ಧಾಂತವನ್ನು ಇಟ್ಟುಕೊಂಡವನು ಒಂದಲ್ಲ ಒಂದು ದಿನ ಮುಖಭಂಗಕ್ಕೆ ತಯಾರಿರಬೇಕು. ನಾನು ತಯಾರಿರಲಿಲ್ಲ.

ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ನಮ್ಮ ಫೌಂಡ್ರಿಯ ಹಿಂದಿನ ತಗಡಿನ ಶೆಡ್ಡಿನಲ್ಲಿ ಹೊಸಮನಿ ಎಂಬವರು ಕಂಪನಿಯದೇ ಒಂದು ಸಣ್ಣ ವ್ಯಾನಿನ ಎಂಜಿನ್ ಕಿತ್ತುಹಾಕಿ, ಅಲ್ಲಿ ಮೋಟರು, ಸೀಟಿನ ಕೆಳಗೆ ಸಾಲಾಗಿ ಬ್ಯಾಟರಿ ಕೂರಿಸಿ ವಿದ್ಯುತ್ ಗಾಡಿ ಮಾಡುತ್ತಿದ್ದರು. ಹೊಸಮನಿಯವರ ತಂದೆ ನಮ್ಮ ಕಾರ್ಖಾನೆಯ ಕಂಪೌಂಡ್ ಗೋಡೆ ಕಟ್ಟಲು ಕಲಬುರ್ಗಿ ಕಡೆಯಿಂದ ಬಂದವರು. ಮಗ ಡಿಪ್ಲೊಮಾ ಮಾಡಿ ಆ ಗೋಡೆಯ ಒಳಗೆ ಬಂದಿದ್ದರು. ಕನ್ನಡದವರೆಂದು ನಾವಿಬ್ಬರೂ ಕ್ಯಾಂಟೀನಿನಲ್ಲಿ ಒಟ್ಟಿಗೆ ಕೂರುತ್ತಿದ್ದೆವು. ಆದರೂ ಅವರು ಡಿಪ್ಲೊಮಾ, ನಾನು ಡಿಗ್ರಿ ಎಂಬುದನ್ನು ನಾನು ಊಟದ ನಡುವೆಯೂ ಮರೆಯುತ್ತಿರಲಿಲ್ಲ. “ಗಾಡಿ ಅಂದಮ್ಯಾಲೆ ಗುರ್ ಅನ್ನಬೇಕ್ರಿ ಹೊಸಮನಿಯವರ” ಎಂದು ಚೇಷ್ಟೆ ಮಾಡುತ್ತಿದ್ದೆ. ಅವರು ನಕ್ಕು ಮೊಸರನ್ನ ಕಲಸುತ್ತಿದ್ದರು.

ಆ ಗಾಡಿಯನ್ನು ಮುಂದುವರಿಸಬೇಕೋ ಬೇಡವೋ ಎಂದು ತೀರ್ಮಾನಿಸಲು ಒಂದು ಪರೀಕ್ಷೆ ಇಟ್ಟರು. ಪರೀಕ್ಷಕ ನಾನು. ಡೈರೆಕ್ಟರು, ಅವರ ಹಿಂದೆ ಟೈ ಕಟ್ಟಿದ ಹತ್ತು ಜನ. ಮಧ್ಯಾಹ್ನದ ಸುಡುಬಿಸಿಲು. ನಾನು ಗತ್ತಿನಿಂದ ಏರಿ ಕೂತು ಕೀಲಿ ತಿರುಗಿಸಿದೆ. ಟಿಕ್ ಎಂದಿತು. ಆಮೇಲೆ ನಿಶ್ಶಬ್ದ. ಹಿಂದಕ್ಕೆ ತಿರುಗಿಸಿ ಮತ್ತೆ ಹಾಕಿದೆ. ಟಿಕ್. ಮೂರನೆಯ ಸಲವೂ ಅಷ್ಟೇ.

ಕಾರು ಓಡಿಸಿದವರಿಗೆಲ್ಲ ಈ ಟಿಕ್ ಪರಿಚಯವಿರುತ್ತದೆ. ಚಳಿಗಾಲದ ಬೆಳಿಗ್ಗೆ ಬ್ಯಾಟರಿ ಇಳಿದುಹೋದಾಗ ಕಾರು ಹಾಗೆಯೇ ಒಮ್ಮೆ ಟಿಕ್ ಎಂದು ಸುಮ್ಮನಾಗುತ್ತದೆ. ನನ್ನ ಅನುಭವವೆಲ್ಲ ಒಂದಾಗಿ ಬಂದು ಕಿವಿಯಲ್ಲಿ ಕೂತಿತು. ಇಳಿದು, ಎಲ್ಲರಿಗೂ ಕೇಳುವಂತೆ ಮರಾಠಿಯಲ್ಲಿ ಘೋಷಿಸಿದೆ: “ಬ್ಯಾಟರಿ ಡೌನ್ ಆಹೇ.”

ಬ್ಯಾಟರಿ ಗಾಡಿಯ ಬ್ಯಾಟರಿಯೇ ಡೌನ್! ಡೈರೆಕ್ಟರು ಗಹಗಹಿಸಿ ನಕ್ಕರು. ಟೈಗಳೆಲ್ಲ ನಕ್ಕವು. ನಾನೂ ನಕ್ಕೆ. ಬಾನೆಟ್ಟಿನ ಪಕ್ಕದಲ್ಲಿದ್ದ ಹೊಸಮನಿ ಬಾಯಿ ತೆರೆದವರು ನನ್ನನ್ನೊಮ್ಮೆ ನೋಡಿ ಮುಚ್ಚಿಕೊಂಡರು. ಡೈರೆಕ್ಟರು ಗಡಿಯಾರ ನೋಡಿಕೊಂಡು ಹೊರಟುಹೋದರು. ನಾಲ್ಕು ಜನ ಸೇರಿ ಗಾಡಿಯನ್ನು ಶೆಡ್ಡಿಗೆ ತಳ್ಳಿದರು.

ಸಂಜೆ ಕಾರ್ಖಾನೆಯ ಭೋಂಗಾ ಕೂಗಿ ಪಾಳಿ ಬಿಟ್ಟಮೇಲೆ ನೆನಪಾಯಿತು, ನನ್ನ ಕನ್ನಡಕದ ಡಬ್ಬಿ ಆ ಗಾಡಿಯಲ್ಲೇ ಉಳಿದಿದೆಯೆಂದು. ಹೋದೆ. ಶೆಡ್ಡಿನಲ್ಲಿ ಯಾರೂ ಇರಲಿಲ್ಲ. ಗಾಡಿಯೊಳಗೆ ಕೂತು ಡಬ್ಬಿ ತೆಗೆದುಕೊಂಡೆ. ಕೀಲಿ ಅಲ್ಲೇ ಇತ್ತು. ಕೀಲಿ ಕಂಡರೆ ತಿರುಗಿಸುವುದು ನನ್ನ ಕೈಯ ಚಾಳಿ. ಟಿಕ್ ಎಂದಿತು. ಮಧ್ಯಾಹ್ನದ ಬಿಸಿಲಿನಲ್ಲಿ ಕಾಣದಿದ್ದ ಒಂದು ಹಸಿರು ದೀಪ ಡ್ಯಾಶ್‌ಬೋರ್ಡಿನ ಮೂಲೆಯಲ್ಲಿ ಹೊತ್ತಿಕೊಂಡಿದ್ದನ್ನು ನೋಡುತ್ತಲೇ ಇಳಿಯಲು ಕಾಲು ಎತ್ತಿದೆ. ಅದು ತಪ್ಪಿ ಪೆಡಲಿನ ಮೇಲೆ ಬಿತ್ತು. ಗಾಡಿ ಬೆಕ್ಕಿನ ಹಾಗೆ ಮುಂದೆ ಸರಿದು ನೀರಿನ ಡ್ರಮ್ಮಿಗೆ ಗುದ್ದಿತು. ಡ್ರಮ್ಮು ದಡಬಡ ಉರುಳುತ್ತ ಬಾಗಿಲು ದಾಟಿ ಹೊರಗೆ ಹೋಯಿತು.

ಅಂದರೆ ಮಧ್ಯಾಹ್ನ ಮೂರು ಸಲವೂ ಗಾಡಿ ಚಾಲೂ ಆಗಿತ್ತು. ಚಾಲೂ ಆದ ಗಾಡಿಯನ್ನು ಮೂರು ಸಲ ನಾನೇ ಬಂದ್ ಮಾಡಿದ್ದೆ. ಜೀವಂತ ರೋಗಿಯನ್ನು ಸತ್ತನೆಂದು ಸಾರಿದ್ದರು ಡಾಕ್ಟರ್ ಸಾಹೇಬರು.

ಮಧ್ಯಾಹ್ನವೇ ಬರೆದಿಟ್ಟಿದ್ದ ಪರೀಕ್ಷೆಯ ವರದಿ ಇನ್ನೂ ನನ್ನ ಡ್ರಾಯರಿನಲ್ಲೇ ಇತ್ತು. ‘ಗಾಡಿ ಚಾಲೂ ಆಗಲಿಲ್ಲ. ಕಾರಣ: ಬ್ಯಾಟರಿ ದೋಷ.’ ತಿದ್ದಲು ಒಂದು ಸಾಲು ಸಾಕಿತ್ತು. ಪೆನ್ನು ತೆಗೆದೆ. ಡಾಕ್ಟರಿಗೆ ಬದುಕಿದ್ದು ಯಾವುದು ಸತ್ತಿದ್ದು ಯಾವುದು ತಿಳಿಯಲಿಲ್ಲವಂತೆ ಎಂದು ನಾಳೆ ಕ್ಯಾಂಟೀನೆಲ್ಲ ನಗುವುದು ಕಣ್ಣ ಮುಂದೆ ಬಂತು. ಪೆನ್ನಿನ ಟೊಪ್ಪಿಗೆ ಹಾಕಿದೆ. ಮರುದಿನ ಬೆಳಿಗ್ಗೆ ಪ್ಯೂನ್ ಬಂದು ವರದಿಯನ್ನು ಒಯ್ದ. ಇಷ್ಟೇ ನಡೆದಿದ್ದು. ಎಷ್ಟೋ ವರ್ಷ ಸ್ನಾನ ಮಾಡುವಾಗ, ಹಲ್ಲುಜ್ಜುವಾಗ ಥಟ್ಟನೆ ಅದು ನೆನಪಾಗಿ ‘ಥೂ’ ಎಂದುಕೊಳ್ಳುತ್ತಿದ್ದೆ. ಹೆಂಡತಿ ಪೇಸ್ಟು ಖಾರವೆಂದು ತಿಳಿದು ಬ್ರ್ಯಾಂಡ್ ಬದಲಾಯಿಸಿದಳು.

ತಿಂಗಳೊಳಗೆ ಶೆಡ್ಡು ಖಾಲಿಯಾಯಿತು. ಹೊಸಮನಿಯವರನ್ನು ರಾಂಜಣಗಾಂವದ ಘಟಕಕ್ಕೆ, ಸಾಮಾನು ಎತ್ತುವ ಫೋರ್ಕ್‌ಲಿಫ್ಟುಗಳ ಬ್ಯಾಟರಿಗೆ ನೀರು ತುಂಬಿಸುವ ಉಸ್ತುವಾರಿಗೆ ಕಳಿಸಿದರು. “ಗಣಪತಿ ಇರೋ ಊರು, ಚಲೋನ ಆತು ಬಿಡ್ರಿ” ಎಂದರು ಹೊರಡುವ ದಿನ. ಬೀಳ್ಕೊಡುಗೆಯ ಭಾಷಣ ಮಾಡಿದವನು ನಾನೇ. ಚೆನ್ನಾಗಿಯೇ ಮಾಡಿದೆ, ಅದು ಇನ್ನೂ ಅಸಹ್ಯ.

ವಿದ್ಯುತ್ ಗಾಡಿಯೇನು ಹೊಸ ಕನಸಲ್ಲ. ಪೆಟ್ರೋಲು ಗಾಡಿಯ ಮೂತಿಗೆ ಹಿಡಿಕೆ ಹಾಕಿ ಗರಗರ ತಿರುಗಿಸಬೇಕಾಗಿದ್ದ ಕಾಲದಲ್ಲೇ ವಿದೇಶದ ಹೆಂಗಸರು ಕೈಗವಸು ಕೊಳೆಯಾಗದಂತೆ ಬ್ಯಾಟರಿ ಗಾಡಿಯಲ್ಲಿ ತಿರುಗಾಡುತ್ತಿದ್ದರಂತೆ. ಮರೆತದ್ದು ಮತ್ತೆ ಬರುತ್ತದೆ. ಹೊಸ ಶತಮಾನದಲ್ಲಿ ಪೆಟ್ರೋಲಿನ ಬೆಲೆ ಏರಿತು, ಪರದೇಶದಲ್ಲಿ ಹೈಬ್ರಿಡ್ ಗಾಡಿಗಳು ರಸ್ತೆಗಿಳಿದವು, ನಮ್ಮ ಕಂಪನಿಗೂ ಜ್ಞಾನೋದಯವಾಗಿ ವಿದ್ಯುತ್ ಮತ್ತು ಹೈಬ್ರಿಡ್ ವಿಭಾಗ ಶುರುವಾಯಿತು. ಅದರ ಮುಖ್ಯಸ್ಥೆ ಪ್ರಾಜಕ್ತಾ ಎಂಬ ಚುರುಕು ಹುಡುಗಿ. ಹಳೆಯ ಕಡತದಲ್ಲಿ ನನ್ನ ಹೆಸರು ಕಂಡು ಓಡಿಬಂದಳು. ಆ ಕಾಲದಲ್ಲೇ ವಿದ್ಯುತ್ ಗಾಡಿಯ ಕೆಲಸ ಮಾಡಿದವರಂತೆ ನೀವು, ಉದ್ಘಾಟನೆಯ ದಿನ ನಿಮಗೆ ಶಾಲು ಹೊದಿಸಬೇಕು, ಎಂದಳು. ಬೇಡ ಎನ್ನಲು ಬಾಯಿ ತೆರೆದೆ. ಬಾಯಿ ‘ಅದರಲ್ಲೇನು ದೊಡ್ಡದು’ ಎಂದಿತು. ಹೊಸಮನಿಯವರನ್ನೂ ಕರೆಯಬೇಕು ಎಂಬ ಒಂದು ಮಾತನ್ನು ಮಾತ್ರ ಹಟ ಹಿಡಿದು ಒಪ್ಪಿಸಿದೆ.

ಅವರು ಇಸ್ತ್ರಿ ಮಾಡಿದ ಬಿಳಿ ಶರ್ಟು ತೊಟ್ಟು ಬಂದು ಎರಡನೆಯ ಸಾಲಿನಲ್ಲಿ ಕೂತರು. ತಲೆ ಪೂರ್ತಿ ನರೆತಿತ್ತು. ಅವರನ್ನು ಕಂಡಮೇಲೆ ಬರೆದುಕೊಂಡು ಹೋದ ಭಾಷಣ ಓದಲಾಗಲಿಲ್ಲ. ಮೈಕಿನ ಮುಂದೆ ಇದ್ದದ್ದನ್ನು ಇದ್ದಹಾಗೆ ಹೇಳಿಬಿಟ್ಟೆ. ಗಾಡಿ ಚಾಲೂ ಇತ್ತು, ನಾನು ಇಲ್ಲವೆಂದೆ. ಅವತ್ತು ಸಂಜೆಯೇ ನನಗೆ ಗೊತ್ತಾಯಿತು, ಆದರೂ ವರದಿ ತಿದ್ದಲಿಲ್ಲ. ಅದು ಹೊಸಮನಿಯವರ ಗಾಡಿ, ಶಾಲು ಅವರದು.

ಇನ್ನೇನು ಬೈಗುಳ ಬೀಳುತ್ತದೆ ಎಂದುಕೊಂಡೆ. ಬಿದ್ದದ್ದು ಚಪ್ಪಾಳೆ. ಪ್ರಾಜಕ್ತಾ ಕಣ್ಣೊರೆಸಿಕೊಂಡು ಮೈಕಿನಲ್ಲಿ “ಹಾಚ್ ಸರಾಂಚಾ ಮೋಠೇಪಣಾ!” ಎಂದಳು. ಇದೇ ನೋಡಿ ಸರ್ ಅವರ ದೊಡ್ಡತನ ಎಂದು. ಅಲ್ಲಮ್ಮ, ಇದು ಸಣ್ಣತನ ಎಂದು ನಾನು ಕೂಗಿದ್ದು ಯಾರಿಗೂ ಕೇಳಲಿಲ್ಲ. ಶಾಲು ನನ್ನ ಹೆಗಲಿಗೇ ಬಂತು. ತಪ್ಪನ್ನು ಒಪ್ಪಿಕೊಂಡರೂ ಸನ್ಮಾನ ಮಾಡುವ ಜನರ ನಡುವೆ ನಾಚಿಕೆಪಟ್ಟುಕೊಳ್ಳುವುದು ಹೇಗೆ, ನೀವೇ ಹೇಳಿ.

ಹಿಂತಿರುಗುವಾಗ ಕಂಪನಿಯ ಬಸ್ಸಿನಲ್ಲಿ ಇಬ್ಬರೂ ಒಂದೇ ಸೀಟಿನಲ್ಲಿ ಕೂತೆವು. ನಾನಿಳಿಯುವ ಸ್ಟಾಪು ದಾಪೋಡಿ, ಅವರದು ಮುಂದಿನ ಖಡಕಿ.

“ನನಗ ಗೊತ್ತಿತ್ರಿ ದೇಸಾಯರ” ಎಂದರು ಹೊಸಮನಿ. “ಅವತ್ತ ಅಷ್ಟ ಮಂದಿ ಮುಂದ ನಿಮ್ಮನ್ನ ತಪ್ಪು ಅಂತ ಹ್ಯಾಂಗ ಅನ್ನೂದು? ನಮ್ಮ ಕಡಿಯವರು, ಹಿರ್ಯಾರು. ಸಂಜೀಕ ಒಬ್ಬರ ಸಿಕ್ಕಾಗ ಹೇಳೂಣು ಅಂತ ಶೆಡ್ ಕಡೆ ಬಂದೆ. ಡ್ರಮ್ ಉರುಳಿ ಹೊರಗ ಬಂದಿದ್ದು ಕಂಡೆ. ಹಿಂದ ನೀವು ಗಡಬಡಿಸಿ ಬಂದ್ರಿ. ಅವರಿಗೇ ತಿಳೀತಲ್ಲ, ಇನ್ನ ನಾ ಏನ್ ಹೇಳೂದು ಅಂತ ಹಂಗ ಹೊಳ್ಳಿ ಹೋದೆ. ಭಾಳ ಖುಷಿ ಆಗಿತ್ರಿ. ದಾರ್‍ಯಾಗ ಶ್ರೀಖಂಡ ತೊಗೊಂಡೆ. ಕೆಲಸ ಆತು ಅಂತ ಮನ್ಯಾಗ ಹೇಳಿ, ಪೂರಿ ಮಾಡಿಸಿ ಎಲ್ಲಾರೂ ಕೂಡಿ ಉಂಡ್ವಿ.”

ಬಸ್ಸಿನ ಎಂಜಿನ್ ಏನೋ ಸದ್ದು ಮಾಡುತ್ತಿತ್ತು. ಯಾವ ಸದ್ದೆಂದು ನನಗೆ ತಿಳಿಯಲಿಲ್ಲ.

“ಮತ್ತ ಇಷ್ಟು ವರ್ಷ ಯಾಕ ಸುಮ್ಮನಿದ್ರಿ?” ಎಂದೆ.

“ನೀವ ಹೇಳ್ತೀರಿ ಅಂತ.”

ದಾಪೋಡಿ ಬಂತು, ಹೋಯಿತು. ಬಸ್ಸು ಹೊಳೆಯ ಸೇತುವೆಯನ್ನೂ ದಾಟಿತು. ನಿಮ್ಮ ಸ್ಟಾಪು ಹೋಯಿತಲ್ಲ ಎಂದು ಅವರು ಗಾಬರಿಯಾದರು. ಹೋಗಲಿ ಎಂದೆ. ಅವರ ಮನೆಗೇ ಹೋಗಬೇಕಿತ್ತು ನನಗೆ. ಅವತ್ತು ಶ್ರೀಖಂಡ ಪೂರಿ ಉಂಡವರು ಅಲ್ಲಿ ಇನ್ನೂ ಮೂರು ಜನರಿದ್ದರು. ಅವರೊಬ್ಬೊಬ್ಬರಿಗೂ ಹೇಳಬೇಕಿತ್ತು, ಅದೂ ಮೈಕಿಲ್ಲದೆ.