ಅಕ್ಕೋರು ಬಟ್ಟೆ ಒಗೆದ ದಿನ

ಅಂದು ಬೆಳಗಾಗುವ ಮೊದಲೇ ಎದ್ದು ಒಲೆ ಸಾರಿಸಿದೆ. ನೀರು ತುಂಬಿದೆ, ರೊಟ್ಟಿ ಬಡಿದೆ, ಮನೆಯವರಿಗೆ ಬುತ್ತಿ ಕಟ್ಟಿಕೊಟ್ಟೆ. ಎಮ್ಮೆಗೆ ನೀರು ಕುಡಿಸಿ, ಸೆಗಣಿ ಬಾಚಿ, ಕುಳ್ಳು ತಟ್ಟಿದೆ. ಆಮೇಲೆ ಜಿನ್ನಿಗೆ ಹೋಗಿ ಕೂಸಿನ ಮನೆಯ ಕದ ತೆಗೆದೆ. ರಾತ್ರಿಯೆಲ್ಲ ಕೂತಿದ್ದ ಅರಳೆಯ ಧೂಳನ್ನು ಒದ್ದೆ ಅರಿವೆಯಿಂದ ಒರೆಸಿದೆ, ಕೂಸುಗಳನ್ನು ತೂಗುವ ಜೋಳಿಗೆಗಳ ಹಗ್ಗ ಎಳೆದೆಳೆದು ನೋಡಿದೆ, ಹಾಲು ಕಾಸಿದೆ, ತಾಯಂದಿರ ಕಂಕುಳಿಂದ ಕೂಸುಗಳನ್ನು ಒಂದೊಂದಾಗಿ ಇಳಿಸಿಕೊಂಡೆ. ಬಟ್ಟೆ ಒಗೆಯುವ ಕೆಲಸ ಮಾತ್ರ ಅಂದು ನನಗೆ ಬರಲಿಲ್ಲ. ಅದನ್ನು ಅಕ್ಕೋರು ಮಾಡಿದರು. ಯಾಕೆ ಮಾಡಿದರು ಎಂಬುದನ್ನು ಬರೆಯಲು ಕೂತಿದ್ದೇನೆ.

ಸ್ವಾತಂತ್ರ್ಯ ಬಂದು ಕೆಲವು ವರ್ಷಗಳಾಗಿದ್ದವು. ಗೋಕಾಕದ ಅಂಚಿಗೆ ಒಂದು ಜಿನ್ನಿತ್ತು, ಅಂದರೆ ಹತ್ತಿಯಿಂದ ಕಾಳು ಬಿಡಿಸಿ ಅರಳೆ ತೆಗೆಯುವ ಕಾರಖಾನೆ. ಸುಗ್ಗಿ ಬಂತೆಂದರೆ ಮೂಡಲಗಿ ಕಡೆಯ ಹತ್ತಿ ಬಂಡಿಗಳು ಬಾಗಿಲಲ್ಲಿ ಸಾಲುಗಟ್ಟುತ್ತಿದ್ದವು. ಒಳಗೆ ಯಂತ್ರಗಳ ಮುಂದೆ ನಿಂತು ಹತ್ತಿ ಉಣಿಸುವವರೆಲ್ಲ ಹೆಂಗಸರು. ಅವರು ದುಡಿಯುವಲ್ಲಿ ಕೂಸುಗಳಿಗೊಂದು ಕೋಣೆ ಇರಬೇಕು ಎಂಬ ಕಾಯದೆ ಬಂದಾಗ ಸಾವಕಾರರು ಎಂಜಿನ್ ಕೋಣೆಯ ಬಾಜೂಕಿನ ಖೋಲಿ ತೋರಿಸಿದರಂತೆ. ಕೂಸಿನ ಮನೆ ನೋಡಿಕೊಳ್ಳಲು ಹುಕ್ಕೇರಿ ಕಡೆಯಿಂದ ಬಂದಿದ್ದ ಹೆಂಗಸು ಅದನ್ನು ಒಪ್ಪಲಿಲ್ಲ. ಸೂಲಗಿತ್ತಿ ನರ್ಸಿನ ಕೈಕೆಳಗೆ ದುಡಿದು ಬಂದವರು, ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡವರು. ಸಾಲೆ ಕಲಿಸಿದವರಲ್ಲ, ಆದರೂ ಸಾಲೆಯ ಬಾಯಿಯರನ್ನು ಕರೆದಂತೆ ನಾವು ಅವರನ್ನು ಅಕ್ಕೋರು ಎನ್ನುತ್ತಿದ್ದೆವು. ಸಾವಕಾರರ ಸಂಗಡ ಒಂದು ಸುಗ್ಗಿಯೆಲ್ಲ ಜಗಳಾಡಿ, ಕಂಪೌಂಡಿನ ಇನ್ನೊಂದು ತುದಿಗೆ, ಯಂತ್ರದ ಸದ್ದು ಮುಟ್ಟದಷ್ಟು ದೂರ ಕೋಣೆ ಕಟ್ಟಿಸಿಕೊಂಡರು. ಕಿಟಕಿಗಳಿಗೆ ತಾವೇ ಗೋಣಿಚೀಲ ಹೊಲಿದು ಇಳಿಬಿಟ್ಟರು. ಒಳಗೆ ನಾವೆಲ್ಲ ಪಿಸುಮಾತಿನಲ್ಲಿ ಮಾತಾಡಬೇಕು. ಆ ಶಾಂತಿ ಅವರ ಹೆಮ್ಮೆಯಾಗಿತ್ತು.

ಅವರ ಕೈಕೆಳಗೆ ಕೂಸು ಆಡಿಸುವ ದಾಯಿಗಳು ನಾವು ಇಬ್ಬರು. ನಾನು, ಆಗ ಮೂವತ್ತು ದಾಟಿದವಳು. ಇನ್ನೊಬ್ಬಳು ನನಗಿಂತ ಹಿರಿಯಳು, ಬಾಯಿ ಬಲು ಖಾರ, ಎಲ್ಲರೂ ಅವಳನ್ನು ಕರೆಯುತ್ತಿದ್ದುದು ಕಾಕೂ ಎಂದು.

ಅಕ್ಕೋರಿಗೆ ಒಂದು ರೂಢಿ ಇತ್ತು. ಸಂಜೆ ತಾಯಂದಿರು ಕೂಸುಗಳನ್ನು ಎತ್ತಿಕೊಂಡು ಹೋದ ಮೇಲೆ ನಮ್ಮಿಬ್ಬರನ್ನೂ ಕೂರಿಸಿಕೊಂಡು, ಅಡಿಕೆ ಹೋಳು ಹಂಚಿ ಕೇಳುವರು: “ಇವತ್ತ ಯಾವ ಕೆಲಸಾ ಸುಮ್‌ಸುಮ್ನ ದಣಿಸಿತು?”

ಮೊದಮೊದಲು ಅದೊಂದು ಬಲೆ ಎಂದೇ ತಿಳಿದಿದ್ದೆವು. “ದಣಿವು ಅಂದೀ ಅಂದ್ರ ನಾಳಿಂದ ಬರಬ್ಯಾಡ ಅಂತಾಳ, ಬಾಯಿ ಮುಚ್ಚಿಕೊಂಡಿರು” ಎಂದು ಕಾಕೂ ನನ್ನ ತೊಡೆ ಚಿವುಟಿದ್ದಳು. ಆದರೆ ಎಷ್ಟೋ ದಿನ ಸುಮ್ಮನಿದ್ದ ಮೇಲೆ ನನಗೇ ತಡೆಯಲಿಲ್ಲ. ಹಾಲೂಡಿಸುವ ಬಿಡುವಿನಲ್ಲಿ ತಾಯಂದಿರು ಓಡಿ ಬಂದರೆ ಎಲ್ಲ ಜೋಳಿಗೆಗಳೂ ಒಂದೇ ಬಿಳಿ ಬಟ್ಟೆಯವು, ತಮ್ಮ ಕೂಸು ಯಾವುದರಲ್ಲಿದೆ ಎಂದು ಹಣಿಕಿ ಹಣಿಕಿ ನೋಡುವಷ್ಟರಲ್ಲಿ ಅರ್ಧ ಬಿಡುವು ಹೋಗಿರುತ್ತಿತ್ತು. ಅವರ ಸೀರೆಯದೇ ಒಂದು ಚಿಂದಿಯನ್ನು ಜೋಳಿಗೆಗೆ ಕಟ್ಟಿದರೆ ಹೇಗೆ ಎಂದೆ. ಅಕ್ಕೋರು ಆಗಲಿ ಎನ್ನಲಿಲ್ಲ, ಬೇಡ ಎಂದೂ ಅನ್ನಲಿಲ್ಲ.

“ನಾಳೆ ಮಾಡಿ ನೋಡು. ನಿನ್ನ ಕೆಲಸಾ ನಾ ಮಾಡ್ತೇನಿ.”

ನಾನು ಇದನ್ನು ಮಾತಿನ ಮಾತು ಎಂದುಕೊಂಡಿದ್ದೆ. ಮರುದಿನ ಬಂದು ನೋಡಿದರೆ ಹೇಸಿಗೆ ಬಟ್ಟೆಗಳ ಬುಟ್ಟಿ ಅವರ ಸೊಂಟದ ಮೇಲಿತ್ತು. ದಿನವೆಲ್ಲ ನಾನು ಚಿಂದಿ ಬೇಡುತ್ತ, ಕಟ್ಟುತ್ತ ತಿರುಗಿದೆ, ಅವರು ಒಗೆಯುವ ಕಲ್ಲಿನ ಮುಂದೆ ಬಗ್ಗಿದ್ದರು. ನಮಗೆ ಏನಾದರೂ ಹೊಳೆಯುತ್ತಲೇ ಇರುತ್ತಿತ್ತು. ಆದರೆ ಕೈ ಖಾಲಿ ಇರುತ್ತಿರಲಿಲ್ಲ. ಆ ಕೈಯನ್ನು ಅವರು ಬಿಡಿಸಿ ಕೊಡುತ್ತಿದ್ದರು.

ಎಲ್ಲವೂ ನೆಟ್ಟಗಾಗುತ್ತಿತ್ತು ಅಂತಲ್ಲ. ಕಾಕೂಗೆ ಒಂದು ಸಲ ಹುರುಪು ಬಂತು: ಎಲ್ಲ ಜೋಳಿಗೆಗಳಿಗೂ ಒಂದೇ ಹಗ್ಗ ಪೋಣಿಸಿದರೆ ಒಬ್ಬಳೇ ಕೂತು ಎಲ್ಲವನ್ನೂ ತೂಗಬಹುದು. ಪೋಣಿಸಿದಳು. ಜಗ್ಗಿದಳು. ಜೋಳಿಗೆಗಳು ಒಂದಕ್ಕೊಂದು ಡಿಕ್ಕಿ ಹೊಡೆದು, ಮಲಗಿದ್ದ ಕೂಸುಗಳೆಲ್ಲ ಒಮ್ಮೆಗೇ ಚೀರಿದವು. ಒಂದು ಹಾಲು ಕಕ್ಕಿತು. ಅದೇ ಹೊತ್ತಿಗೆ ಸಾವಕಾರರು ಬೀಗರೊಬ್ಬರನ್ನು ಕೂಸಿನ ಮನೆ ತೋರಿಸಲು ಕರೆತಂದಿದ್ದರು.

“ಇದೇನ್ರಿ ಬಾಯಿ, ಯಾರು ಮಾಡಿದ್ದು ಈ ಉದ್ಯೋಗ?” ಎಂದು ಸಾವಕಾರರು ಕೇಳಿದರು. ಕಾಕೂ ಕಂಬದ ಹಿಂದೆ ಸರಿದಿದ್ದಳು.

“ನಾನ ಮಾಡಿಸೇನ್ರಿ” ಎಂದರು ಅಕ್ಕೋರು. ಬೈಗುಳವನ್ನೂ ನಿಂತು ತಿಂದರು. ಸಾವಕಾರರು ಹೋದ ಮೇಲೆ ಕಾಕೂ ಕಡೆ ತಿರುಗಿ, “ಹಗ್ಗ ಉದ್ದ ಆತೋ, ಜೋಳಿಗಿ ಹತ್ತರ ಆದುವೋ?” ಎಂದು ಕೇಳಿದರು. ಕಾಕೂ ಕಂಬದ ಹಿಂದಿನಿಂದ ಬಂದು ಹಗ್ಗ ಬಿಚ್ಚತೊಡಗಿದಳು. ಆಮೇಲೆ ದೂರ ದೂರದ ಎರಡೆರಡು ಜೋಳಿಗೆಗಳಿಗೆ ಹಗ್ಗ ಕಟ್ಟಿದಾಗ ಅದು ಸಾಗಿತು.

ಆ ಸುಗ್ಗಿಯಲ್ಲಿ ಒಬ್ಬ ಹುಡುಗಿ ಚೊಚ್ಚಲ ಗಂಡುಕೂಸನ್ನು ಎತ್ತಿಕೊಂಡು ಕೆಲಸಕ್ಕೆ ಮರಳಿದಳು. ತವರು ತುಕ್ಕಾನಟ್ಟಿ, ಕೊಟ್ಟದ್ದು ಹುಕ್ಕೇರಿ ತಾಲೂಕಿನ ಒಂದು ಹಳ್ಳಿಗೆ. ಅತ್ತೆಯ ಕಾಟ ತಾಳದೆ ಗಂಡಹೆಂಡಿರು ಗೋಕಾಕಕ್ಕೆ ಬಂದು ನಮ್ಮ ಓಣಿಯಲ್ಲೇ ಖೋಲಿ ಹಿಡಿದಿದ್ದರು. ಅವನು ಹತ್ತಿ ಬಂಡಿ ಹೊಡೆಯುತ್ತಿದ್ದ. ಇಬ್ಬರೂ ದುಡಿದರೆ ಈ ಊರಲ್ಲಿ ನಿಲ್ಲುವುದು, ಇಲ್ಲವಾದರೆ ತಿರುಗಿ ಅತ್ತೆಯ ಮನೆ. ಆ ಕೂಸೋ, ಕೂಸಿನ ಮನೆಯಲ್ಲಿ ಜೋಳಿಗೆಗೆ ಹಾಕಿದರೆ ಸಾಕು, ಉಸಿರು ಕಟ್ಟುವ ಹಾಗೆ ಅಳುತ್ತಿತ್ತು. ಹಾಲು ಬಿಟ್ಟಿತು. ಅದರ ಅಳು ಕೇಳಿ ಉಳಿದವೂ ಎದ್ದವು. ತಾಸಿಗೊಮ್ಮೆ ತಾಯಿಯನ್ನು ಕರೆಸಬೇಕಾಯಿತು, ಅಲ್ಲಿ ಅವಳ ಯಂತ್ರ ಖಾಲಿ ತಿರುಗುತ್ತಿತ್ತು.

ಯಂತ್ರದ ಆಳುಗಳ ಮೇಲ್ವಿಚಾರಣೆ ನೋಡುವ ಮುಕಾದಮ ಕೆಟ್ಟವನಲ್ಲ, ನಗಿಸುವ ಮನುಷ್ಯ. “ಸಾವಕಾರ್ರಿಗೆ ಹೇಳಿ ಜಿನ್ನಿನ ಕೂಗೂ ಭೋಂಗಾ ಮಾರಿಸಿಬಿಡ್ತೇನಿ, ಈ ಕೂಸ ಸಾಕು” ಎನ್ನುತ್ತಿದ್ದ. ಆದರೆ ಒಂದು ದಿನ ನಗದೆ ಹೇಳಿದ: “ಶನಿವಾರದ ತನಕಾ ನೋಡ್ತೇನವಾ. ಆಮ್ಯಾಲ ನಿನ್ನ ಜಾಗಾಕ್ಕ ಬ್ಯಾರೇದಾಕಿನ್ನ ಕರೀಬೇಕಾಕ್ಕೇತಿ.”

ಆ ಹುಡುಗಿ ನನ್ನ ಸೆರಗು ಹಿಡಿದುಕೊಂಡು, “ಯಕ್ಕಾ, ಅತ್ತಿ ಮನಿಗೆ ಒಮ್ಮಿ ಹೋದ್ರ ನಾ ಮತ್ತ ಹೊರಗ ಬರೂದಿಲ್ಲ” ಎಂದಳು. ಅಳಲೂ ಇಲ್ಲ. ರಾತ್ರಿಯೆಲ್ಲ ಕೂಸು ಮಲಗುತ್ತಿರಲಿಲ್ಲವಾಗಿ ಅವಳ ಕಣ್ಣಿನಲ್ಲಿ ನಿದ್ದೆಯೊಂದನ್ನು ಬಿಟ್ಟು ಬೇರೇನೂ ಉಳಿದಿರಲಿಲ್ಲ.

ನಾವು ಅಜ್ಜಿ ಕಾಲದ್ದೆಲ್ಲ ಮಾಡಿ ಮುಗಿಸಿದೆವು. ಬಜೆ ತೇಯ್ದೆವು, ದೃಷ್ಟಿ ತೆಗೆದೆವು, ತಾಯಿಯ ಹಳೆ ಸೀರೆ ಹಾಸಿದೆವು. ಒಂದೂ ಹಿಡಿಯಲಿಲ್ಲ.

ಆಗ ಒಂದು ಸಂಗತಿ ನನ್ನ ಕಣ್ಣಿಗೆ ಬಿತ್ತು. ಬಟ್ಟೆ ಒಗೆಯಲು ನಾನು ಎಂಜಿನ್ನಿನ ಹೌದಿನಿಂದ, ಅಂದರೆ ಅದರ ನೀರಿನ ತೊಟ್ಟಿಯಿಂದ, ಬಿಸಿನೀರು ತರುತ್ತಿದ್ದೆ. ಕೆಳಗಿಟ್ಟರೆ ಅಳುವ ಕೂಸೆಂದು ಅಂದು ಅದನ್ನು ಹೆಗಲಿಗೆ ಹಾಕಿಕೊಂಡೇ ಹೋದೆ. ಬಕೆಟ್ಟು ತುಂಬುವವರೆಗೆ ಯಂತ್ರದ ಕೋಣೆಯ ಹೊರಗೋಡೆಗೆ ಒರಗಿ ನಿಂತೆ. ಕೂಸು ಸುಮ್ಮನಾಯಿತು. ಎಷ್ಟು ಸುಮ್ಮನೆಂದರೆ, ಏನಾದರೂ ಆಯಿತೋ ಎಂದು ಹೆದರಿ ಮೂಗಿನ ಹತ್ತಿರ ಬೆರಳಿಟ್ಟು ನೋಡಿದೆ. ಶಾಂತವಾದ ನಮ್ಮ ಕೋಣೆಗೆ ತಂದೆ, ಮತ್ತೆ ಅಳು. ಮರುದಿನವೂ ಹಾಗೇ ಆಯಿತು.

ಹೇಳುವುದು ಹೇಗೆ? ಅಕ್ಕೋರು ಜಗಳಾಡಿ ಗಳಿಸಿದ ಶಾಂತಿಯೇ ಈ ಕೂಸಿಗೆ ಆಗುತ್ತಿಲ್ಲ ಎಂದು ಅವರ ಮುಂದೆಯೇ ಹೇಳಬೇಕು. ಬೇರೆಡೆ ಆಗಿದ್ದರೆ ನನ್ನ ಬಾಯಿಗೆ ಅದು ಬರುತ್ತಲೇ ಇರಲಿಲ್ಲ. ಕಾಕೂ ಮಾಡಿದ ಫಜೀತಿಯನ್ನು ಅವರು ತಮ್ಮ ಮೈಮೇಲೆ ಎಳೆದುಕೊಂಡದ್ದನ್ನು ಕಂಡಿದ್ದೆನಲ್ಲ, ಆ ಧೈರ್ಯದ ಮೇಲೆ ಸಂಜೆ ಅಡಿಕೆ ಬಾಯಿಗೆ ಹಾಕಿಕೊಳ್ಳದೆ ಕೈಯಲ್ಲೇ ಹಿಡಿದುಕೊಂಡು ಎಲ್ಲ ಹೇಳಿಬಿಟ್ಟೆ.

ಅವರು ಕಿಟಕಿಯ ಗೋಣಿಚೀಲದ ಕಡೆ ನೋಡಿದರು.

“ಇಷ್ಟ ದಿನ ಯಾಕ ಹೇಳಲಿಲ್ಲ?”

“ನೀವು ಜಗಳಾ ಮಾಡಿ ತಗೊಂಡ ಜಾಗಾ ಅಲ್ರಿ ಇದು.”

“ಹುಚ್ಚಿ, ಕೂಸಿನ ಸಲುವಾಗಿ ಅಲ್ಲೇನ ನಾ ಜಗಳಾಡಿದ್ದು” ಎಂದರು. ಏಳುವಾಗ, “ನಾಳೆ ಬುಟ್ಟಿ ನನಗ ಇರಲಿ. ಆದ್ರ ಧೂಳ ಇಲ್ಲದ ಕಡೆ ಮಾಡಬೇಕ ನೋಡು” ಎಂದರು.

ಮರುದಿನ, ಅಂದರೆ ನಾನು ಮೊದಲಿಗೆ ಹೇಳಿದ ದಿನ, ಯಂತ್ರದ ಕೋಣೆಯ ಗಾಳಿ ಬರುವ ಮಗ್ಗುಲು ನೋಡಿಕೊಂಡೆ. ಅಲ್ಲಿ ಕಿಟಕಿ ಇಲ್ಲ, ಹೊರಗೊಂದು ಬೇವಿನ ಮರ. ಮರದ ಟೊಂಗೆಗೆ ಜೋಳಿಗೆ ಕಟ್ಟಿ ಕೂಸನ್ನು ಹಾಕಿದೆ. ಯಂತ್ರದ ಸದ್ದು ಧಡಧಡ ಕೇಳುತ್ತಿತ್ತು. ಕೂಸು ಅದಕ್ಕಿಂತ ಜೋರಾಗಿ ಅತ್ತಿತು. ಗೋಡೆಯ ಮೂಲೆಯಿಂದ ಮುಕಾದಮ ಹಣಿಕಿ ಹಾಕಿ ನಕ್ಕ.

“ಆವಾಜ ಅಲ್ಲವಾ, ಅದಕ್ಕ ನಿನ್ನ ಹೆಗಲ ಬೇಕಾಗೇತಿ. ಹೊತ್ತಕೊಂಡ ತಿರಗು ಮದಿವಿ ಆಗೂತನಾ” ಎಂದಳು ಕಾಕೂ.

ನನ್ನ ಮುಖ ಸಪ್ಪಗಾಯಿತು. ಕೂಸನ್ನು ಎತ್ತಿಕೊಂಡು ದಣಿದು ಗೋಡೆಗೆ ಒರಗಿದೆ. ಅದು ಸುಮ್ಮನಾಯಿತು. ಗೋಡೆ ಬಿಟ್ಟು ಒಂದು ಹೆಜ್ಜೆ ಮುಂದೆ ಬಂದೆ, ಅತ್ತಿತು. ಮತ್ತೆ ಒರಗಿದೆ. ಆಗ ನನ್ನ ಬೆನ್ನಿಗೇ ಗೊತ್ತಾಯಿತು: ಗೋಡೆ ನಡುಗುತ್ತಿತ್ತು. ಸಣ್ಣಗೆ, ಬಿಡುವಿಲ್ಲದೆ, ಬೆಕ್ಕಿನ ಹೊಟ್ಟೆಯ ಮೇಲೆ ಕೈಯಿಟ್ಟ ಹಾಗೆ.

ಒಗೆಯುವ ಕಲ್ಲಿನಿಂದ ಅಕ್ಕೋರು ಸಾಬೂನಿನ ನೊರೆ ಹತ್ತಿದ ಕೈಯಲ್ಲೇ ಬಂದರು. ನಾನು ಹೇಳಿದ್ದನ್ನು ಕೇಳಿ, ಆ ಒದ್ದೆ ಅಂಗೈಯನ್ನು ಗೋಡೆಗೆ ಹಚ್ಚಿ ಕಣ್ಣು ಮುಚ್ಚಿ ನಿಂತರು. ಗೋಡೆಯಲ್ಲಿ ಎತ್ತಿನ ಹಗ್ಗ ತೂಗುಹಾಕುವ ಒಂದು ಗೂಟ ಇತ್ತು. ಜೋಳಿಗೆಯ ಒಂದು ತುದಿಯನ್ನು ಆ ಗೂಟಕ್ಕೆ, ಇನ್ನೊಂದನ್ನು ಬೇವಿನ ಬೊಡ್ಡೆಗೆ ಕಾಕೂ ಬಿಗಿದಳು. ಹಗ್ಗದ ಮೇಲೆ ಬೆರಳಿಟ್ಟರೆ ನಡುಕ ತಿಳಿಯುತ್ತಿತ್ತು.

ಕೂಸನ್ನು ಇಳಿಸಿದೆ. ಅಳುವುದಕ್ಕೆಂದು ಬಾಯಿ ತೆರೆದದ್ದು ಹಾಗೇ ನಿಂತಿತು. ಏನನ್ನೋ ಆಲಿಸುವವರ ಹಾಗೆ ಹುಬ್ಬು ಎತ್ತಿತು. ಬಿಗಿದ ಮುಷ್ಟಿ ಮೆಲ್ಲಗೆ ಬಿಚ್ಚಿಕೊಂಡಿತು. ನಾವು ಮೂವರೂ ಉಸಿರು ಹಿಡಿದು ನೋಡುತ್ತಿದ್ದಂತೆಯೇ ಅದು ಮಲಗಿತು.

“ಹೋದ ಸುಗ್ಗ್ಯಾಗ ಅವರವ್ವ ಹೆರೂ ದಿನದ ತನಕಾ ಮಶೀನಿಗೆ ಹೊಟ್ಟಿ ಹಚ್ಚಿ ನಿಂತಾಳ” ಎಂದರು ಅಕ್ಕೋರು, ದೇವರ ಮನೆಯಲ್ಲಿ ಮಾತಾಡುವ ದನಿಯಲ್ಲಿ. “ಒಳಗ ಇದ್ದಾಗ ಇದ ಜೋಳಿಗಿ ಆಗಿತ್ತು ಇದಕ್ಕ.”

ನನ್ನ ತೋಳಿನ ಕೂದಲು ನಿಮಿರಿದವು. ಎಷ್ಟೋ ಕೂಸುಗಳನ್ನು ಆಡಿಸಿದ್ದೆ, ನಾನೇ ಹೆತ್ತಿದ್ದೆ. ಕೂಸು ಬರುವಾಗಲೇ ಒಂದು ನೆನಪು ಕಟ್ಟಿಕೊಂಡು ಬರುತ್ತದೆಂದು ಯಾರೂ ಹೇಳಿರಲಿಲ್ಲ. ಅದರಷ್ಟೇ ಬೆರಗು ನನಗೆ ಅಕ್ಕೋರನ್ನು ನೋಡಿಯೂ ಆಯಿತು. ತಮ್ಮ ಹೆಮ್ಮೆ ಸುಳ್ಳಾದ ಜಾಗದಲ್ಲಿ, ಮೊಣಕೈಗಳಿಂದ ಹೇಸಿಗೆ ಬಟ್ಟೆಯ ನೀರು ಇಳಿಯುತ್ತಿದ್ದಂತೆಯೇ ನಿಂತು, ಅವರು ಸಣ್ಣ ಹುಡುಗಿಯ ಹಾಗೆ ನಗುತ್ತಿದ್ದರು. ಆಮೇಲೆ ತಿರುಗಿ ಕಲ್ಲಿನ ಹತ್ತಿರ ಹೋದರು. ಬುಟ್ಟಿಯಲ್ಲಿ ಇನ್ನೂ ಅರ್ಧ ಉಳಿದಿತ್ತು.

ಹಾಲೂಡಿಸುವ ಬಿಡುವಿಗೆ ಆ ಹುಡುಗಿ ಕೂಸಿನ ಮನೆಗೆ ಓಡಿ ಬಂದು ಜೋಳಿಗೆಯ ಖಾಲಿ ಜಾಗ ನೋಡಿ ಬಿಳುಚಿಕೊಂಡಳು.

“ಗಾಬರಿ ಆಗಬ್ಯಾಡ” ಎಂದಳು ಕಾಕೂ. “ನಿನ್ನ ಮಗಾ ಇವತ್ತಿಂದ ಕೆಲಸಕ್ಕ ಹತ್ಯಾನ. ಅಲ್ಲಿ ಮಶೀನ ಕಾಯಾಕತ್ಯಾನ, ನೋಡಹೋಗು.”

ಅವಳು ಹೋಗಿ ನೋಡಿ ಅಲ್ಲೇ ನೆಲಕ್ಕೆ ಕೂತಳು. ಕೂಸನ್ನು ಎಬ್ಬಿಸಿ ಅವಳ ಕೈಗೆ ಕೊಟ್ಟೆವು. ಕೂಸು ಎದೆ ಹಿಡಿದು ಕುಡಿಯಿತು, ಹಗಲಿನಲ್ಲಿ ಎಷ್ಟೋ ದಿನಗಳ ಮೇಲೆ.

ಶನಿವಾರದ ಮಾತನ್ನೂ ಇಲ್ಲೇ ಹೇಳಿಬಿಡುತ್ತೇನೆ. ಮುಕಾದಮ ಬೇರೆಯವಳನ್ನು ಕರೆಯಲಿಲ್ಲ. ಅಕ್ಕೋರು ನಮ್ಮಿಬ್ಬರನ್ನೂ ಕರೆದುಕೊಂಡೇ ಸಾವಕಾರರ ಮುಂದೆ ನಿಂತು, ಆ ಗೋಡೆಯ ಮಗ್ಗುಲಿಗೆ ಒಂದು ಚಪ್ಪರ ಬೇಕು ಎಂದು ಕೇಳಿದರು.

“ಆವಾಗ ದೂರ ಬೇಕಂತ ಜಗಳಾ ಮಾಡಿದ್ರಿ ಬಾಯಿ, ಈಗ ಹತ್ತರ ಬೇಕಂತೀರಿ?”

“ಹೌದ್ರಿ, ಎಲ್ಲಾ ಕೂಸಿಗೂ ಒಂದ ಅಳತಿ ಅಂತ ತಿಳದಿದ್ದೆ, ತಪ್ಪಿದೆ. ಈಕಿ ತೋರಿಸಿದಳು” ಎಂದು ನನ್ನ ಕಡೆ ಕೈ ಮಾಡಿದರು. ನನಗೆ ಎಲ್ಲಿ ನೋಡಬೇಕೋ ತಿಳಿಯಲಿಲ್ಲ. ಚಪ್ಪರ ಬಂತು. ಆ ಹುಡುಗಿ ಸುಗ್ಗಿ ಮುಗಿಯುವವರೆಗೂ ತನ್ನ ಯಂತ್ರದ ಮುಂದೆಯೇ ಇದ್ದಳು, ಮರುವರ್ಷವೂ ಬಂದಳು.

ಗೋಡೆ ನಡುಗಿದ ಆ ದಿನದ ಸಂಜೆ ಅವಳ ಗಂಡ ಬಂಡಿ ಹೊಡೆದುಕೊಂಡು ಮೂಡಲಗಿಗೆ ಹೋಗಿದ್ದ. ಒಬ್ಬಳೇ ಏನು ಒಲೆ ಹಚ್ಚುತ್ತೀ ಎಂದು ನಮ್ಮ ಮನೆಗೆ ಕರೆತಂದೆ. ಜೋಳದ ರೊಟ್ಟಿ, ಎಣ್ಣೆಗಾಯಿ ಬದನೆಕಾಯಿ, ಶೇಂಗಾ ಚಟ್ನಿ, ಎಮ್ಮೆಯ ಮೊಸರು ಇತ್ತು. ನಮ್ಮ ಅತ್ತೆ ಅವಳಿಗೆ ಸುಡುಸುಡು ರೊಟ್ಟಿಯನ್ನು ಒಲೆಯಿಂದಲೇ ಹಾಕಿದರು. ಮೊದಲನೆಯದನ್ನು ಉಂಡಳು. ಎರಡನೆಯದನ್ನು ಮುರಿದು ಮೊಸರಿಗೆ ಅದ್ದಿದವಳು ಬಾಯಿಗೆ ಒಯ್ಯಲಿಲ್ಲ. ನೋಡಿದರೆ ಕೂತಲ್ಲೇ ಕಣ್ಣು ಮುಚ್ಚಿತ್ತು. ಕೈಯಿಂದ ತುತ್ತು ಬಿಡಿಸಿ, ಬೆರಳು ಒರೆಸಿ, ಚಾಪೆಗೆ ಒರಗಿಸಿ ಕಂಬಳಿ ಹೊದಿಸಿದೆವು. ನಮ್ಮ ಮಕ್ಕಳು ಇನ್ನೂ ಉಣ್ಣುತ್ತಿದ್ದವು. ಕೂಸು ನನ್ನ ಮಡಿಲಲ್ಲಿ ಕಣ್ಣು ಬಿಟ್ಟುಕೊಂಡು ಕಂದೀಲು ನೋಡುತ್ತಿತ್ತು. ಎಲ್ಲರಿಗಿಂತ ಮೊದಲು ಮಲಗಿದವಳು ಅದರ ತಾಯಿ.