ಬೀಫಾತುಮ್ಮರ ಒಂಬತ್ತು ಮದುವೆ ಹಾಡು

ನನ್ನ ಮಾಮಿ, ಅಂದರೆ ಗಂಡನ ತಾಯಿ ಬೀಫಾತುಮ್ಮ, ಸೌದಿಯ ಜಿದ್ದಾದ ಅಜೀಜಿಯಾ ಬಡಾವಣೆಯಲ್ಲಿ ನಮ್ಮ ಜೊತೆ ಇರಲು ಬಂದು ಹದಿನಾಲ್ಕು ವರ್ಷವಾಯಿತು. ಖುರ್‌ಆನ್ ಓದುತ್ತಾರೆ, ಆದರೆ ಅಕ್ಷರ ಬರೆದು ಗೊತ್ತಿಲ್ಲ. ಅವರನ್ನು ಹೆತ್ತ ಉಮ್ಮನಿಗೂ ಗೊತ್ತಿರಲಿಲ್ಲ. ಹಾಗಾಗಿ ಆ ಹೆಂಗಸು ಉಳ್ಳಾಲದಲ್ಲಿ ಕೂತು, ಮನೆಯ ಮದುವೆ ಹಾಡುಗಳನ್ನು ಒಂದು ಹಲಸಿನ ಕೋಲಿನ ಮೇಲೆ ಚೂರಿಯಲ್ಲಿ ಕೆತ್ತಿಟ್ಟಿದ್ದರಂತೆ. ಮೀನಿನ ಗುರುತು ಬಂದರೆ ಕಡಲಿನ ಹಾಡು, ಎಲೆ ಬಂದರೆ ವೀಳ್ಯದ ಹಾಡು. ಪಕ್ಕದಲ್ಲಿ ಎರಡು ಗೀರಿದ್ದರೆ ಎರಡು ಸಲ ಹಾಡಬೇಕು. ಒಟ್ಟು ಒಂಬತ್ತು. ಆ ಕೋಲು ಮಾಮಿಯ ಜೊತೆಗೇ ಜಿದ್ದಾಕ್ಕೆ ಬಂದಿತ್ತು.

ನಮ್ಮ ಮನೆಯ ಯಾವ ಹುಡುಗಿಗೆ ಮದುವೆಯ ಮೈಲಾಂಜಿ, ಅಂದರೆ ಮದರಂಗಿ, ಹಚ್ಚಿದರೂ ಮಾಮಿ ಒಂಬತ್ತನ್ನೂ ಸಾಲಾಗಿ ಹಾಡಿಯೇ ಏಳುವುದು. ಒಂದು ಬಿಟ್ಟರೂ ಹುಡುಗಿಯನ್ನು ಅರ್ಧ ಕಳಿಸಿದ ಹಾಗೆ ಅಂತ ಅವರ ಹಟ. ಹೋದ ವರ್ಷ ತಲೆಯಲ್ಲಿ ರಕ್ತ ಹೆಪ್ಪುಗಟ್ಟಿ ಆಸ್ಪತ್ರೆ ಸೇರಿ ಬಂದ ಮೇಲೆ ನೆನಪು ಕಲಸಿಹೋಗಿತ್ತು. ಆದರೂ ಕೋಲಿನ ಮೇಲೆ ಬೆರಳಾಡಿಸಿದರೆ ಸಾಕು, ಹಾಡು ತಾನಾಗಿ ಬರುತ್ತಿತ್ತು. ನನ್ನ ಮಗಳು ಫರಾಳ ಮದುವೆ ಗೊತ್ತಾದಾಗ, "ಇವಳಿಗೂ ಒಂಬತ್ತು" ಎಂದರು.

ತಪ್ಪು ಮಾಡಿದ್ದು ನಾನೇ. ಎಣ್ಣೆ ಕುಡಿದು ಕಪ್ಪಾದ ಆ ಕೋಲನ್ನು ಗಂಡಿನ ಕಡೆಯ ಹೆಂಗಸರ ಮುಂದೆ ಇಡಲು ನನಗೆ ನಾಚಿಕೆ. ಕೆಳಗಿನ ಮನೆಯ ಬಡಗಿ ಕೋಯಾಕನಿಗೆ ಕೊಟ್ಟು, "ಸ್ವಲ್ಪ ಹೊಳೆಯುವ ಹಾಗೆ ಮಾಡಿಕೊಡಿ" ಎಂದೆ. ಪುಣ್ಯಾತ್ಮ ಮೆಷಿನ್ ಹಿಡಿದು ಉಜ್ಜಿ, ಪಾಲಿಷ್ ಬಳಿದು ತಂದ. ಕೋಲು ನುಣ್ಣಗಿತ್ತು. ಒಂದು ಗುರುತೂ ಉಳಿದಿರಲಿಲ್ಲ.

ಮಾಮಿ ಬೆರಳಾಡಿಸಿದರು. ಮಗುಚಿ ಇನ್ನೊಮ್ಮೆ ಆಡಿಸಿದರು. "ಎಂತ ಮಾಡಿದೆ ನಸೀಬಾ?" ಎಂದರು. ಬೈದಿದ್ದರೆ ವಾಸಿ ಇತ್ತು.

"ಗೆದ್ದಲು ತಿಂದ ಗುರುತು ಅಂತ ಎಣಿಸಿದೆ ಉಮ್ಮಾ," ಎಂದು ಕೋಯಾಕ ತಲೆ ಕೆರೆದ.

"ಅದೆಲ್ಲ ಆಮೇಲೆ. ಉಳಿ ತಕೊಂಡು ಬಾ. ಯಲ್ಲಾ, ಬೇಗ ಕೂತ್ಕೋ!" ಎಂದರು ಮಾಮಿ.

ಮದುವೆಗೆ ಐದೇ ದಿನ. ಮಾಮಿ ಕಣ್ಣು ಮುಚ್ಚಿ ಗುನುಗುವುದು, ಕೋಯಾಕ ಕೆತ್ತುವುದು. "ಫೋನಲ್ಲಿ ರೆಕಾರ್ಡ್ ಮಾಡುವಾ," ಎಂದಳು ಫರಾ. "ಇರುವುದನ್ನು ಮಾಡಬಹುದು ಮೋಳೇ, ಹೋದದ್ದನ್ನು ಎಲ್ಲಿಂದ ತರುವುದು?" ಎಂದರು ಮಾಮಿ. ಎಂಟು ಬಂದವು. ಏಳನೆಯದು, ಮದುಮಗಳು ತಾಯಿಯ ಪಕ್ಕದಿಂದ ಏಳುವಾಗಿನದು, ಏನು ಮಾಡಿದರೂ ಬರಲಿಲ್ಲ. ರಾಗ ಉಂಟು, ಮಾತಿಲ್ಲ. ಊರಿನಲ್ಲಿರುವ ಮಾಮಿಯ ತಂಗಿ ಹಲೀಮತ್‌ಗೆ ಫೋನ್ ಮಾಡಿದರೆ, ಆ ಮಹಾತಾಯಿ "ಯೂಟ್ಯೂಬ್ ನೋಡಿ" ಎಂದರು! ಕೋಲಿನಲ್ಲಿ ಆ ಜಾಗ ಖಾಲಿ ಬಿಟ್ಟರು.

ಮೈಲಾಂಜಿಯ ದಿನ ಸಂಜೆಯ ಅಸರ್ ನಮಾಜಿನ ನಂತರ ಹಾಲ್ ತುಂಬ ಹೆಂಗಸರು. ಮಾಮಿ ಆರು ಹಾಡು ಹಾಡಿದರು. ಬೆರಳು ಖಾಲಿ ಜಾಗಕ್ಕೆ ಬಂತು, ನಿಂತಿತು. ಗಂಡಿನ ಕಡೆಯವರು ಮುಖ ಮುಖ ನೋಡಿಕೊಂಡರು. ಮರ್ಯಾದೆ ಉಳಿಸಲು ಚಾ ತರಿಸುವ ಅಂತ ನಾನು ಎದ್ದೆ.

"ಕೂತ್ಕೋ ನಸೀಬಾ. ಮುಗಿಯಲಿಲ್ಲ ಇನ್ನೂ."

ಮಾಮಿ ಏಳನೆಯದರ ರಾಗವನ್ನೇ ಎತ್ತಿದರು. ಮಾತು ಮಾತ್ರ ಆ ಕ್ಷಣದ್ದು. ಹಳೇ ಕೋಲು ಉಜ್ಜಿಸಿದವಳು ಯಾರು, ಅಜ್ಜಿಯ ಹಾಡು ಅಳಿಸಿದವಳು ಯಾರು? ಮದುಮಗಳ ಉಮ್ಮ! ಹೆಂಗಸರೆಲ್ಲ ಗೊಳ್ಳೆಂದು ನಕ್ಕರು. ನನಗೆ ಭೂಮಿ ಬಾಯಿಬಿಡಬಾರದೇ ಅನಿಸಿತು. ಮಾಮಿ ನಿಲ್ಲಿಸಲಿಲ್ಲ. ಬಿಸಿಲಲ್ಲಿ ಸ್ಕೂಲ್ ಬಸ್ಸಿಗೆ ಕಾದವಳು ಯಾರು? ಮುದುಕಿಯ ಕೈ ಏಳದಾಗ ತುತ್ತು ಕೊಟ್ಟವಳು ಯಾರು? ತನ್ನ ಉಮ್ಮ ತೀರಿದಾಗ ಊರಿಗೆ ಹೋಗಲಾಗದೆ ಅಡುಗೆಮನೆಯಲ್ಲಿ ಅತ್ತವಳು ಯಾರು? ಅಷ್ಟರಲ್ಲಿ ಹಾಲ್‌ಗೆ ಹಾಲೇ ಚಪ್ಪಾಳೆ ತಟ್ಟಿ ಉತ್ತರ ಹೇಳುತ್ತಿತ್ತು: ಮದುಮಗಳ ಉಮ್ಮ, ಮದುಮಗಳ ಉಮ್ಮ.

ನಾನು ಅತ್ತದ್ದು ಮಾಮಿ ನೋಡಿದ್ದಾರೆ ಅಂತಲೇ ನನಗೆ ಗೊತ್ತಿರಲಿಲ್ಲ. ಫರಾ ಮದರಂಗಿಯ ಹಸಿ ಕೈಯಲ್ಲೇ ನನ್ನನ್ನು ತಬ್ಬಿದಳು.

"ಸಾಕು ಅತ್ತದ್ದು," ಎಂದು ಮಾಮಿ ಗದರಿದರು. "ಚಪ್ಪಾಳೆ ತಟ್ಟು. ಇನ್ನೂ ಎರಡುಂಟು."

ತಟ್ಟಿದೆ. ಒಂಬತ್ತೂ ಮುಗಿಯುವವರೆಗೆ ಮಾಮಿ ಯಾರನ್ನೂ ಏಳಲು ಬಿಡಲಿಲ್ಲ.